ಚಾರ್ಜ್ ಕೊಟ್ಟು ಹೊರಟ ಸನ್ಯಾಸಿ

1896ರ ನವೆಂಬರ್ ತಿಂಗಳ ನಡುಭಾಗ. ಲಂಡನ್ನಿನಲ್ಲಿ ಒಂದು ದಿನ ಕ್ಲಾಸು ಮುಗಿದ ಮೇಲೆ ಸ್ವಾಮಿ ವಿವೇಕಾನಂದರು ತಮ್ಮ ಶಿಷ್ಯೆ ಶ್ರೀಮತಿ ಸೇವಿಯರ್ ಅವರಿಗೆ ಒಂದು ಕೆಲಸ ಹೇಳಿದರು. ಇಟಲಿಯ ನೇಪಲ್ಸ್‌ನಿಂದ ಹೊರಡುವ ಹಡಗಿನಲ್ಲಿ ಆದಷ್ಟು ಬೇಗ ಟಿಕೆಟ್ ಮಾಡಿಸಿ ಎಂದರು. ಲಂಡನ್ನಿನಿಂದಲೇ ಹಡಗು ಹತ್ತಬಹುದಿತ್ತು. ಆದರೆ ಸಮುದ್ರದ ಮೇಲಿನ ದಿನಗಳು ಕಡಿಮೆಯಾಗಲಿ ಎಂದು ನೇಪಲ್ಸ್ ಹೇಳಿದರು. ಮೂರೂವರೆ ವರ್ಷ ಊರು ಬಿಟ್ಟಿದ್ದ ಮನುಷ್ಯ ಮನೆಗೆ ಹೊರಟಿದ್ದು ಹೀಗೆ, ಒಂದು ಸಾಮಾನ್ಯ ಮಾತಿನಲ್ಲಿ.

ನಮಗೆಲ್ಲ ಗೊತ್ತಿರುವುದು ಇದರ ಹಿಂದಿನ ಕಥೆ ಮತ್ತು ಮುಂದಿನ ಕಥೆ. ಹಿಂದಿನದು 1893ರ ಶಿಕಾಗೊ. ಮುಂದಿನದು 1897ರ ಕೊಲಂಬೊ, ಮದ್ರಾಸು, ಕಲ್ಕತ್ತಾ, ಹೂವಿನ ಹಾರ, ಕುದುರೆ ಬಿಚ್ಚಿ ಜನರೇ ಎಳೆದ ಗಾಡಿ. ಶಾಲೆಯ ಭಾಷಣ ಸ್ಪರ್ಧೆಗಳಲ್ಲಿ ಇವೆರಡೂ ಸವೆದು ಹೋಗಿವೆ. ಇವೆರಡರ ನಡುವೆ ಒಂದು ಸಪ್ಪೆ ಕಾಲ ಇದೆ. ಕೆಲಸ ಮುಗಿಸಿ ಊರಿಗೆ ಹೊರಡಲು ತಯಾರಾದ ತಿಂಗಳುಗಳು. ಈ ಅಧ್ಯಯನ ಅದರ ಬಗ್ಗೆ.

ನನ್ನ ದೊಡ್ಡಪ್ಪ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. ವರ್ಗಾವಣೆ ಆದಾಗಲೆಲ್ಲ ಎರಡು ದಿನ ಕೂತು ಚಾರ್ಜ್ ಪಟ್ಟಿ ಬರೆಯುತ್ತಿದ್ದರು. ಬೆಂಚು ಇಷ್ಟು, ಗ್ಲೋಬು ಒಂದು, ಕಾಲು ಮುರಿದ ಕುರ್ಚಿ ಎರಡು, ಹಾಜರಿ ಪುಸ್ತಕ, ಬೀರುವಿನ ಬೀಗದ ಕೈ. ಬಂದವರು ಸಹಿ ಹಾಕಿದ ಮೇಲೆಯೇ ಇವರು ರಿಲೀವ್ ಆಗುತ್ತಿದ್ದದ್ದು. ಬೀಳ್ಕೊಡುಗೆಯ ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಮೇಲೆ. 1896ರ ಪತ್ರಗಳನ್ನು ಓದುವಾಗ ನನಗೆ ಆ ಚಾರ್ಜ್ ಪಟ್ಟಿ ನೆನಪಾಗುತ್ತಿತ್ತು. ಸನ್ಯಾಸಿಗೆ ಏನು ಚಾರ್ಜು, ಜೋಳಿಗೆ ಹೆಗಲಿಗೆ ಹಾಕಿದರೆ ಮುಗೀತಲ್ವಾ ಅನ್ನಿಸಬಹುದು. ಇಲ್ಲಿ ಹಾಗಿರಲಿಲ್ಲ.

ಅವರ ಕೈಯಲ್ಲಿ ಏನೇನಿತ್ತು

1893ರ ಮೇ 31ರಂದು ಬೊಂಬಾಯಿಯಲ್ಲಿ ಹಡಗು ಹತ್ತಿದಾಗ ಅವರ ಹಿಂದೆ ಯಾವ ಸಂಸ್ಥೆಯೂ ಇರಲಿಲ್ಲ. ಮದ್ರಾಸಿನ ಕೆಲವು ಯುವಕರು ಮನೆಮನೆ ತಿರುಗಿ ಹಣ ಕೂಡಿಸಿದ್ದರು. ಖೇತ್ರಿಯ ರಾಜರು ನೆರವಾಗಿದ್ದರು. ಮದ್ರಾಸಿನ ಆ ಗುಂಪಿನ ಮುಂದಾಳು ಅಳಸಿಂಗ ಪೆರುಮಾಳ್. ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ, ಬದುಕು ಮದ್ರಾಸಿನಲ್ಲಿ, ಕೆಲಸ ಮೇಷ್ಟರದು. ಅದಕ್ಕೂ ಮುಂಚೆ, 1892ರಲ್ಲಿ, ಸ್ವಾಮೀಜಿ ಬೆಳಗಾವಿಗೆ ಬಂದಿದ್ದರು. ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಪರಿಚಯವಾಗಿ, ಮಹಾರಾಜ ಚಾಮರಾಜೇಂದ್ರ ಒಡೆಯರ್ ಅವರ ಅತಿಥಿಯಾಗಿದ್ದರು. ವಿದೇಶಕ್ಕೆ ಹೋಗುವ ಮಾತು ಅಲ್ಲಿಯೂ ಬಂದಿತ್ತು.

ಹೋಗುವಾಗ ಬರಿಗೈ. ಮೂರು ವರ್ಷದ ಮೇಲೆ ನೋಡಿದರೆ ಕೈತುಂಬ ಹೊರೆ. ನ್ಯೂಯಾರ್ಕಿನಲ್ಲಿ 1894ರಲ್ಲಿ ಶುರುವಾದ ವೇದಾಂತ ಸೊಸೈಟಿ. ಲಂಡನ್ನಿನಲ್ಲಿ ವಾರವಾರ ನಡೆಯುವ ಕ್ಲಾಸುಗಳು. ಮದ್ರಾಸಿನಲ್ಲಿ ಅಳಸಿಂಗರ ಗುಂಪು 1895ರಲ್ಲಿ ಶುರು ಮಾಡಿದ ಇಂಗ್ಲಿಷ್ ಪತ್ರಿಕೆ, 1896ರ ಜುಲೈನಲ್ಲಿ ಇನ್ನೊಂದು. ಕಲ್ಕತ್ತಾದ ಆಲಂಬಜಾರಿನ ಹಳೇ ಮನೆಯಲ್ಲಿ, ಮುಂದೇನು ಎಂದು ಕಾಯುತ್ತಿದ್ದ ಗುರುಭಾಯಿಗಳು, ಅಂದರೆ ರಾಮಕೃಷ್ಣ ಪರಮಹಂಸರ ಇತರ ಸನ್ಯಾಸಿ ಶಿಷ್ಯರು. ಇಷ್ಟೂ ಕಡೆ ಪತ್ರ ಬರೆಯುತ್ತಿದ್ದವರು ಒಬ್ಬರೇ. ಆ ಒಬ್ಬರಿಗೆ ಮೈ ಸರಿ ಇರಲಿಲ್ಲ. ವಯಸ್ಸು ಮಾತ್ರ ಮೂವತ್ಮೂರು.

ಸಮಸ್ಯೆ ಇಷ್ಟೇ. ಎಲ್ಲವೂ ಒಬ್ಬ ಮನುಷ್ಯನ ಬಾಯಿಯ ಮೇಲೆ ನಿಂತಿತ್ತು. ಆ ಬಾಯಿ ಊರಿಗೆ ಹೊರಟರೆ ಅಲ್ಲಿ ಏನು ಉಳಿಯುತ್ತದೆ?

ಮೊದಲ ಸಲ ಕೈಗೂಡಲಿಲ್ಲ

ಈ ಪ್ರಶ್ನೆ ಅವರಿಗೆ 1896ರಲ್ಲಿ ಹೊಳೆದದ್ದಲ್ಲ. 1895ರ ಬೇಸಿಗೆಯಲ್ಲಿ, ಅಮೆರಿಕದ ಸೇಂಟ್ ಲಾರೆನ್ಸ್ ನದಿಯ ಒಂದು ದ್ವೀಪದಲ್ಲಿರುವ ಥೌಸಂಡ್ ಐಲ್ಯಾಂಡ್ ಪಾರ್ಕಿನಲ್ಲಿ, ಹನ್ನೆರಡು ಮಂದಿ ವಿದ್ಯಾರ್ಥಿಗಳ ಜೊತೆ ಏಳು ವಾರ ಇದ್ದರು. ಅಲ್ಲಿ ಇಬ್ಬರಿಗೆ ಸನ್ಯಾಸ ಕೊಟ್ಟರು. ಲಿಯಾನ್ ಲ್ಯಾಂಡ್ಸ್‌ಬರ್ಗ್ ಕೃಪಾನಂದರಾದರು, ಮೇರಿ ಲೂಯಿಸ್ ಅಭಯಾನಂದರಾದರು. ಆ ಮಣ್ಣಿನವರೇ ಆ ಮಣ್ಣಿನಲ್ಲಿ ಕೆಲಸ ನೋಡಿಕೊಳ್ಳಲಿ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಮನುಷ್ಯರು ಸರಿ ಹೊಂದಲಿಲ್ಲ. ಇಬ್ಬರೂ ಕಾಲಕ್ರಮದಲ್ಲಿ ದೂರ ಸರಿದರು.

ಕಾವಿ ಕೊಡುವುದು ಒಂದು ದಿನದ ಕೆಲಸ. ಅದನ್ನು ಹೊತ್ತುಕೊಳ್ಳುವ ಅಭ್ಯಾಸ ವರ್ಷಗಳ ಮಾತು. ಆಲಂಬಜಾರಿಗೂ ಮುಂಚೆ ಮಠವಿದ್ದ ಬಾರಾನಗರದ ಪಾಳು ಮನೆಯಲ್ಲಿ ಹಸಿವು, ಜಪ, ಜಗಳ, ನಗು ಎಲ್ಲ ಕಂಡಿದ್ದ ಗುರುಭಾಯಿಗಳಿಗೆ ಅದು ಇತ್ತು. ಏಳು ವಾರದ ದ್ವೀಪವಾಸದಲ್ಲಿ ಅದು ಬರುವುದು ಕಷ್ಟ. ಇದು ನನ್ನ ಅಂದಾಜು. ಆದರೆ ಮುಂದಿನ ಹೆಜ್ಜೆ ನೋಡಿದರೆ ಸ್ವಾಮೀಜಿಗೂ ಹಾಗೇ ಅನ್ನಿಸಿರಬೇಕು. ಅವರು ಕಲ್ಕತ್ತಾಕ್ಕೆ ಬರೆದರು, ಜನ ಕಳಿಸಿ ಎಂದು.

1896ರ ಏಪ್ರಿಲ್ ಮೊದಲ ವಾರದಲ್ಲಿ ಗುರುಭಾಯಿ ಶಾರದಾನಂದರು ಲಂಡನ್ ಮುಟ್ಟಿದರು. ಸ್ವಾಮೀಜಿ ಅದೇ ತಿಂಗಳು ಅಮೆರಿಕದಿಂದ ಬಂದು ಸೇರಿಕೊಂಡರು. ಎರಡು ತಿಂಗಳು ಜೊತೆಯಲ್ಲಿಟ್ಟುಕೊಂಡರು. ಜೂನ್ ಕೊನೆಯಲ್ಲಿ ನ್ಯೂಯಾರ್ಕಿಗೆ ಕಳಿಸಿದರು. ಸಮಾಧಾನದ ಸ್ವಭಾವದ ಶಾರದಾನಂದರು ಅಲ್ಲಿ ಮೆಲ್ಲನೆ ಬೇರು ಬಿಟ್ಟರು. ಅಮೆರಿಕದ ಚಾರ್ಜು ಹೀಗೆ ಕೈ ಬದಲಾಯಿತು.

ಅದೇ ಏಪ್ರಿಲ್ 27ರಂದು ಸ್ವಾಮೀಜಿ ಆಲಂಬಜಾರ್ ಮಠಕ್ಕೆ ಒಂದು ಉದ್ದ ಕಾಗದ ಬರೆದರು. ಮಠ ಹೇಗೆ ನಡೆಯಬೇಕು, ಯಾರು ಯಾವ ಕೆಲಸ ನೋಡಬೇಕು ಎಂಬ ವಿವರ ಅದರಲ್ಲಿದೆ. ಓದಿದರೆ ಸನ್ಯಾಸಿ ಬರೆದಂತಿಲ್ಲ, ಹಾಸ್ಟೆಲ್ ವಾರ್ಡನ್ ಬರೆದಂತಿದೆ. ಮನೆಗೆ ಹೋಗುವ ಎಂಟು ತಿಂಗಳು ಮುಂಚೆಯೇ ಮನೆಯನ್ನು ತಯಾರು ಮಾಡಲು ಹೊರಟಿದ್ದರು.

ಅಕ್ಟೋಬರ್ 27ರ ಸಂಜೆ

ಈ ಇಡೀ ಪ್ರಕರಣದಲ್ಲಿ ನನಗೆ ತುಂಬ ಇಷ್ಟವಾದ ಘಟ್ಟ ಇದು. ಶಾರದಾನಂದರು ಅಮೆರಿಕಕ್ಕೆ ಹೋದ ಮೇಲೆ ಲಂಡನ್ ಖಾಲಿ. ಅದಕ್ಕೆ ಇನ್ನೊಬ್ಬ ಗುರುಭಾಯಿ ಅಭೇದಾನಂದರನ್ನು ಕರೆಸಿದರು. ಅವರಿಗೆ ಆಗ ಮೂವತ್ತು. ಶಾಸ್ತ್ರ ಚೆನ್ನಾಗಿ ಬಲ್ಲವರು, ವಾದದಲ್ಲಿ ಗಟ್ಟಿ. ಆದರೆ ಇಂಗ್ಲಿಷಿನಲ್ಲಿ ವೇದಿಕೆ ಹತ್ತಿದವರಲ್ಲ. ಬಂದು ಕೆಲವೇ ವಾರ ಆಗಿತ್ತು. ಬ್ಲೂಮ್ಸ್‌ಬರಿ ಸ್ಕ್ವೇರಿನ ಒಂದು ಸಭೆಯಲ್ಲಿ ಸ್ವಾಮೀಜಿಯ ಉಪನ್ಯಾಸ ನಿಗದಿಯಾಗಿತ್ತು. ಸ್ವಾಮೀಜಿ ತಾವು ಮಾತಾಡುವುದಿಲ್ಲ, ಅಭೇದಾನಂದರು ಮಾತಾಡುತ್ತಾರೆ ಎಂದುಬಿಟ್ಟರು. ಅಭೇದಾನಂದರಿಗೆ ಕೈಕಾಲು ತಣ್ಣಗಾಯಿತು. ತನ್ನಿಂದ ಆಗದು ಎಂದು ಅಂಗಲಾಚಿದರು. ನನಗೆ ಶಕ್ತಿ ಕೊಟ್ಟವನೇ ನಿನಗೂ ಕೊಡುತ್ತಾನೆ, ಅವನನ್ನು ನಂಬು ಎಂಬುದಷ್ಟೇ ಉತ್ತರ.

ಅಕ್ಟೋಬರ್ 27ರಂದು ಅವರು ಅದ್ವೈತ ವೇದಾಂತದ ಬಗ್ಗೆ ಮಾತಾಡಿದರು. ಚೆನ್ನಾಗಿ ಮಾತಾಡಿದರು. ಸ್ವಾಮೀಜಿ ಕೇಳುಗರ ನಡುವೆ ಕೂತಿದ್ದರು. ಅಲ್ಲಿದ್ದವರು ಬರೆದಿಟ್ಟ ಪ್ರಕಾರ ಅವರ ಮುಖದಲ್ಲಿ ಎಂದೂ ಕಾಣದ ಸಂತೋಷವಿತ್ತು. ನಾನು ಇಲ್ಲವಾದರೂ ನನ್ನ ಮಾತು ಈ ಬಾಯಿಯಿಂದ ಲೋಕಕ್ಕೆ ಕೇಳಿಸುತ್ತದೆ ಎಂಬ ಅರ್ಥದ ಮಾತು ಅವತ್ತು ಅವರ ಬಾಯಿಂದ ಬಂತಂತೆ.

ನೀರಿಗೆ ತಳ್ಳಿ ಈಜು ಕಲಿಸುವುದು ಎಂದು ಇದನ್ನು ಹೊಗಳುವುದು ಸುಲಭ. ನನಗೆ ಮುಖ್ಯ ಅನ್ನಿಸುವುದು ಅವರು ತಳ್ಳಿದ ಹೊತ್ತು. ಹೊರಡುವುದಕ್ಕೆ ಏಳು ವಾರ ಮುಂಚೆ ತಳ್ಳಿದರು. ತಾವು ದಡದ ಮೇಲೆ ಇರುವಾಗಲೇ. ಎಡವಿದ್ದರೆ ಎತ್ತಲು ಅಲ್ಲೇ ಇದ್ದರು. ಆಮೇಲಿನ ವಾರಗಳಲ್ಲಿ ಅಭೇದಾನಂದರಿಗೆ ಕ್ಲಾಸುಗಳನ್ನು ಒಂದೊಂದಾಗಿ ಒಪ್ಪಿಸುತ್ತ ಹೋದರು. ನಮ್ಮಲ್ಲಿ ಎಷ್ಟೋ ಮಠ, ಶಾಲೆ, ಪತ್ರಿಕೆಗಳಲ್ಲಿ ಹಿರಿಯರು ಕೊನೇ ದಿನದವರೆಗೂ ಮೈಕು ಬಿಡುವುದಿಲ್ಲ. ಆಮೇಲೆ ಕಿರಿಯರಿಗೆ ಮಾತೇ ಬರಲ್ಲ ಎಂಬ ದೂರು ಬೇರೆ.

ಗುಡ್ವಿನ್‌ರ ಪೆನ್ಸಿಲು

ಮನುಷ್ಯರನ್ನು ಬಿಟ್ಟು ಹೋಗುವುದು ಒಂದು. ಮಾತನ್ನು ಬಿಟ್ಟು ಹೋಗುವುದು ಇನ್ನೊಂದು. ಸ್ವಾಮೀಜಿ ಭಾಷಣ ಬರೆದುಕೊಂಡು ಬಂದು ಓದುವವರಲ್ಲ. ನಿಂತಲ್ಲಿ ಹೊಳೆದದ್ದನ್ನು ಆಡುತ್ತಿದ್ದರು. ಅದನ್ನು ಹಿಡಿಯಲು 1895ರ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ಶೀಘ್ರಲಿಪಿಕಾರನನ್ನು ಗೊತ್ತು ಮಾಡಿದರು. ಜೆ.ಜೆ. ಗುಡ್ವಿನ್, ಇಂಗ್ಲೆಂಡಿನವರು, ಇನ್ನೂ ಇಪ್ಪತ್ತೈದರ ಆಸುಪಾಸು. ಸಂಬಳಕ್ಕೆ ಬಂದವರು ಬೇಗನೆ ಸಂಬಳ ಬೇಡ ಎಂದರು. ಶಿಷ್ಯರಾದರು, ಸ್ವಾಮೀಜಿಯ ಬಟ್ಟೆಬರೆ ನೋಡಿಕೊಳ್ಳುವ ಜವಾಬ್ದಾರಿಯನ್ನೂ ತಲೆಗೆ ಹಾಕಿಕೊಂಡರು.

ಇವತ್ತು ನಾವು ಕನ್ನಡದಲ್ಲಿ ಓದುವ ಸ್ವಾಮೀಜಿಯ ಉಪನ್ಯಾಸಗಳಲ್ಲಿ ದೊಡ್ಡ ಪಾಲು ಆ ಪೆನ್ಸಿಲಿನಿಂದ ಉಳಿದದ್ದು. ರಾಜಯೋಗದ ಉಪನ್ಯಾಸಗಳು 1896ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಜ್ಞಾನಯೋಗದ ಮಾಯೆಯ ಕುರಿತ ಉಪನ್ಯಾಸಗಳನ್ನು ಅವರು ಲಂಡನ್ನಿನಲ್ಲಿ ಮಾಡಿದ್ದು ಹೊರಡುವ ಮುಂಚಿನ ಅದೇ ಅಕ್ಟೋಬರ್, ನವೆಂಬರಿನಲ್ಲಿ. ಊರಿಗೆ ಹೊರಟವರು ಸಾಮಾನ್ಯವಾಗಿ ಕೊನೇ ವಾರಗಳಲ್ಲಿ ಕೈ ಸಡಿಲ ಬಿಡುತ್ತಾರೆ. ಮನಸ್ಸು ಆಗಲೇ ರೈಲು ಹತ್ತಿರುತ್ತದೆ. ಇವರು ತಮ್ಮ ಅತ್ಯಂತ ಕಷ್ಟದ ವಿಷಯವನ್ನು ಆ ಕೊನೇ ವಾರಗಳಿಗೇ ಇಟ್ಟುಕೊಂಡಿದ್ದರು.

ಊರಿಗೆ ಬರೆದ ಕಾಗದಗಳು

ನವೆಂಬರ್ 20ರಂದು ಅಳಸಿಂಗರಿಗೆ ಕಾಗದ. ಡಿಸೆಂಬರ್ 16ಕ್ಕೆ ಇಂಗ್ಲೆಂಡ್ ಬಿಡುತ್ತೇನೆ, ನೇಪಲ್ಸ್‌ನಲ್ಲಿ ಹಡಗು ಹತ್ತುತ್ತೇನೆ. ಮೊದಲು ಕಲ್ಕತ್ತಾ ಮತ್ತು ಮದ್ರಾಸಿನಲ್ಲಿ ಕೇಂದ್ರ ತೆರೆಯಬೇಕು, ಇನ್ನೊಂದು ಹಿಮಾಲಯದಲ್ಲಿ. ಮರುದಿನ, ನವೆಂಬರ್ 21, ಹಿಮಾಲಯದ ಅಲ್ಮೋರದ ಲಾಲಾ ಬದ್ರಿ ಷಾ ಅವರಿಗೆ ಇನ್ನೊಂದು. ಜೊತೆಯಲ್ಲಿ ಮೂವರು ಇಂಗ್ಲಿಷ್ ಮಿತ್ರರು ಬರುತ್ತಿದ್ದಾರೆ, ಇಬ್ಬರು ಅಲ್ಮೋರದಲ್ಲೇ ನೆಲೆಸುವವರು, ಅವರಿಗೆ ಒಂದು ಮನೆ ನೋಡಿ. ಮನೆ ನೋಡಿ! ದಿಗ್ವಿಜಯ ಮಾಡಿ ಬರುತ್ತಿರುವ ವೀರ ಸನ್ಯಾಸಿ ಎಂದು ನಾವು ಕ್ಯಾಲೆಂಡರಿನಲ್ಲಿ ನೇತುಹಾಕಿದವರು ಬಾಡಿಗೆ ಮನೆಯ ಚಿಂತೆಯಲ್ಲಿದ್ದರು. ನನಗೆ ಅವರು ಅಲ್ಲೇ ಜಾಸ್ತಿ ಹತ್ತಿರವಾಗುತ್ತಾರೆ.

ಹಣದ ವಿಷಯ ಇನ್ನೂ ಚೆಂದ. ಅಮೆರಿಕದ ಶ್ರೀಮತಿ ಓಲೆ ಬುಲ್ ಅವರು ಭಾರತದ ಕೆಲಸಕ್ಕೆ ದೊಡ್ಡ ಮೊತ್ತ ಕೊಡಲು ಮುಂದೆ ಬಂದರು. ಡಿಸೆಂಬರ್ 9ರಂದು, ಹೊರಡಲು ಒಂದು ವಾರ ಇರುವಾಗ, ಸ್ವಾಮೀಜಿ ಉತ್ತರ ಬರೆದರು. ನಿಮ್ಮ ಔದಾರ್ಯಕ್ಕೆ ಕೃತಜ್ಞ, ಆದರೆ ಮೊದಲೇ ಅಷ್ಟು ದೊಡ್ಡ ಹಣದ ಹೊರೆ ಬೇಡ. ಸಣ್ಣದಾಗಿ ಶುರು ಮಾಡುತ್ತೇನೆ, ಕೆಲಸ ಬೆಳೆದಂತೆ ತೆಗೆದುಕೊಳ್ಳುತ್ತೇನೆ. ಕೈಗೆ ಬಂದ ದುಡ್ಡನ್ನು ಆಮೇಲೆ ಎಂದವರು. ಕೆಲಸದ ಅಳತೆ ಗೊತ್ತಾಗುವ ಮುಂಚೆ ಹಣ ಬಂದರೆ, ಆ ಹಣಕ್ಕೆ ತಕ್ಕ ಕೆಲಸ ಹುಡುಕುವ ಪಾಡಾಗುತ್ತದೆ. ಸಂಘ ಸಂಸ್ಥೆ ನಡೆಸಿದವರಿಗೆ ಈ ನೋವು ಗೊತ್ತಿರುತ್ತದೆ.

ಸೇವಿಯರ್ ದಂಪತಿ

ಕ್ಯಾಪ್ಟನ್ ಸೇವಿಯರ್ ಬ್ರಿಟಿಷ್ ಸೈನ್ಯದಲ್ಲಿ ಇದ್ದವರು, ಹಿಂದೆ ಕೆಲವು ವರ್ಷ ಭಾರತದಲ್ಲಿ ಕೆಲಸ ಮಾಡಿದ್ದರು. ಗಂಡ ಹೆಂಡತಿ ಇಬ್ಬರೂ ಚರ್ಚಿನ ಮಾತುಗಳಲ್ಲಿ ಸಮಾಧಾನ ಕಾಣದೆ ಹುಡುಕುತ್ತಿದ್ದವರು. ಸ್ವಾಮೀಜಿ ಶ್ರೀಮತಿ ಸೇವಿಯರ್ ಅವರನ್ನು ಮೊದಲ ಖಾಸಗಿ ಭೇಟಿಯಲ್ಲೇ ಅಮ್ಮ ಎಂದು ಕರೆದರು. 1896ರ ಬೇಸಿಗೆಯಲ್ಲಿ ಇವರೊಂದಿಗೆ ಸ್ವಿಟ್ಜರ್ಲೆಂಡಿಗೆ ಹೋದಾಗ, ಆಲ್ಪ್ಸ್ ಬೆಟ್ಟಗಳನ್ನು ನೋಡುತ್ತ ಹಿಮಾಲಯದಲ್ಲೂ ಇಂಥ ಒಂದು ಮಠ ಬೇಕು ಎಂಬ ಮಾತು ಬಂತು. ಆ ಮಾತನ್ನು ಸೇವಿಯರ್ ದಂಪತಿ ಬಿಡಲೇ ಇಲ್ಲ. ಲಂಡನ್ನಿಗೆ ಬಂದು ಮನೆಯ ಸಾಮಾನು ಮಾರಿದರು, ಸಂಸಾರ ಮುಚ್ಚಿದರು, ಭಾರತಕ್ಕೆ ಹೊರಟರು.

ಇಲ್ಲಿ ಒಂದು ವಿಚಿತ್ರ ಇದೆ. ಒಬ್ಬರು ಮನೆಗೆ ಮರಳುವ ದಾರಿ, ಇನ್ನಿಬ್ಬರಿಗೆ ಮನೆ ಬಿಡುವ ದಾರಿ. ಹಡಗು ಒಂದೇ.

ಅದೇ ದಿನಗಳಲ್ಲಿ ಇಂಗ್ಲಿಷ್ ಸ್ನೇಹಿತರೊಬ್ಬರು ಕೇಳಿದರಂತೆ, ಇಷ್ಟು ವರ್ಷ ಪಶ್ಚಿಮದ ವೈಭವ ನೋಡಿದ ಮೇಲೆ ನಿಮ್ಮ ತಾಯ್ನಾಡು ಹೇಗನ್ನಿಸುತ್ತದೆ ಎಂದು. ಬರುವ ಮುಂಚೆ ಭಾರತವನ್ನು ಪ್ರೀತಿಸುತ್ತಿದ್ದೆ, ಈಗ ಅದರ ಧೂಳೂ ನನಗೆ ಪವಿತ್ರ ಎಂಬ ಅವರ ಉತ್ತರ ನಮ್ಮಲ್ಲಿ ತುಂಬ ಪ್ರಸಿದ್ಧ. ಈ ಮಾತನ್ನು ಬಾಡಿಗೆ ಮನೆಯ ಕಾಗದದ ಪಕ್ಕದಲ್ಲಿಟ್ಟು ಓದಬೇಕು. ಬರೀ ಧೂಳಿನ ಮಾತಷ್ಟೇ ಉಳಿದರೆ ಭಾವಗೀತೆ ಆಗುತ್ತದೆ, ಬರೀ ಕಾಗದವಾದರೆ ಕಚೇರಿ ಕಡತ.

ಬೀಳ್ಕೊಡುಗೆ ಮತ್ತು ದಾರಿ

ಡಿಸೆಂಬರ್ 13, ಭಾನುವಾರ. ಪಿಕಡಿಲ್ಲಿಯಲ್ಲಿ ಜಲವರ್ಣ ಚಿತ್ರಕಾರರ ಸಂಸ್ಥೆಯ ಸಭಾಂಗಣ. ಚಿತ್ರಗಳು ತೂಗುವ ಗೋಡೆಗಳ ನಡುವೆ ಬೀಳ್ಕೊಡುಗೆ ಸಭೆ. ಲಂಡನ್ನಿನ ಕೆಲಸಕ್ಕೆ ಬೆಂಬಲವಾಗಿದ್ದ ಮಿತ್ರ ಇ.ಟಿ. ಸ್ಟರ್ಡಿ ಅಧ್ಯಕ್ಷತೆ ವಹಿಸಿದ್ದರು. ಸಭಾಂಗಣ ತುಂಬಿತ್ತು, ಎಷ್ಟೋ ಜನರ ಕಣ್ಣು ಒದ್ದೆಯಾಗಿತ್ತು. ಮತ್ತೆ ಭೇಟಿಯಾಗುತ್ತೇವೆ ಎಂದು ಸ್ವಾಮೀಜಿ ಮಾತು ಕೊಟ್ಟರು. ಈ ಸಭೆಯ ಬಗ್ಗೆ ಬಹಳ ಬರೆಯಬಹುದು, ಆದರೆ ಬೀಳ್ಕೊಡುಗೆ ಸಭೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ.

16ರಂದು ಲಂಡನ್ ಬಿಟ್ಟರು. ರೈಲಿನಲ್ಲಿ ಫ್ರಾನ್ಸ್ ದಾಟಿ ಇಟಲಿ. ಪೀಸಾ, ಫ್ಲಾರೆನ್ಸ್, ರೋಮ್. ಫ್ಲಾರೆನ್ಸಿನಲ್ಲಿ ಅನಿರೀಕ್ಷಿತವಾಗಿ ಶಿಕಾಗೊದ ಹೇಲ್ ದಂಪತಿ ಎದುರಾದರು. ಶಿಕಾಗೊದಲ್ಲಿ ದಿಕ್ಕು ತೋಚದೆ ರಸ್ತೆ ಬದಿ ಕೂತಿದ್ದ ದಿನ, ಮನೆಯೊಳಗೆ ಕರೆದು ಊಟ ಹಾಕಿದ್ದವರು ಶ್ರೀಮತಿ ಹೇಲ್. ಕಥೆ ಬರೆಯುವವರು ಹೀಗೆ ಬರೆದರೆ ನಾವು ನಂಬುವುದಿಲ್ಲ. ಕ್ರಿಸ್‌ಮಸ್ ರೋಮಿನಲ್ಲಿ ಆಯಿತು. ಡಿಸೆಂಬರ್ 30ರಂದು ನೇಪಲ್ಸ್‌ನಲ್ಲಿ ‘ಪ್ರಿನ್ಸ್ ರೀಜೆಂಟ್ ಲೂಯಿಟ್‌ಪೋಲ್ಡ್’ ಎಂಬ ಜರ್ಮನ್ ಹಡಗು ಹತ್ತಿದರು. ಗುಡ್ವಿನ್ ಸೌತಾಂಪ್ಟನ್ನಿನಿಂದಲೇ ಸಮುದ್ರ ಮಾರ್ಗವಾಗಿ ಬಂದು ಇಲ್ಲಿ ಜೊತೆಗೂಡಿದರು.

ಏಡನ್ನಿನಲ್ಲಿ ಹಡಗು ನಿಂತಾಗ ನಡೆದದ್ದು ನನಗೆ ಕೊಲಂಬೊ ಸ್ವಾಗತಕ್ಕಿಂತ ದೊಡ್ಡದು. ಊರು ನೋಡಲು ಇಳಿದಿದ್ದರು. ದೂರದಲ್ಲಿ ಒಬ್ಬ ಹಿಂದೂಸ್ತಾನಿ ವೀಳ್ಯದೆಲೆ ಮಾರುವವನು ಹುಕ್ಕಾ ಸೇದುತ್ತ ಕೂತಿದ್ದ. ಸ್ವಾಮೀಜಿ ಇಂಗ್ಲಿಷ್ ಮಿತ್ರರನ್ನು ಅಲ್ಲೇ ಬಿಟ್ಟು ಅವನ ಹತ್ತಿರ ಸರಸರ ನಡೆದರು. ಅಣ್ಣ, ನಿನ್ನ ಹುಕ್ಕಾ ಸ್ವಲ್ಪ ಕೊಡು ಎಂದು ಕೇಳಿ, ಅವನ ಪಕ್ಕ ಕೂತು ಎಳೆದರು. ಹಿಂದೆ ಬಂದ ಕ್ಯಾಪ್ಟನ್ ಸೇವಿಯರ್, ಓಹೋ, ಇದಕ್ಕಾ ನಮ್ಮನ್ನು ಬಿಟ್ಟು ಓಡಿ ಬಂದದ್ದು ಎಂದು ತಮಾಷೆ ಮಾಡಿದರಂತೆ. ಕೊಲಂಬೊ ಇನ್ನೂ ದೂರ ಇತ್ತು. ಮನೆ ಮುಟ್ಟಿದ್ದು ಮಾತ್ರ ಅಲ್ಲೇ ಅನ್ನಿಸುತ್ತದೆ.

ಜನವರಿ 12ಕ್ಕೆ ಮೂವತ್ನಾಲ್ಕು ತುಂಬಿತು, ಸಮುದ್ರದ ಮೇಲೆ. ಜನವರಿ 15, 1897ರಂದು ಕೊಲಂಬೊ. ಗುರುಭಾಯಿ ನಿರಂಜನಾನಂದರು ಅಲ್ಲಿಗೇ ಬಂದಿದ್ದರು.

ಬಂದ ಮೇಲೆ ಕಂಡದ್ದು

ಊರಿಗೆ ಬಂದವರಿಗೆ ಮೊದಲು ಕಾಣುವುದು ಇರುವವರಲ್ಲ, ಇಲ್ಲದವರು. ಮೈಸೂರಿನ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರಿನಲ್ಲೇ ಕಲ್ಕತ್ತಾದಲ್ಲಿ ತೀರಿಕೊಂಡಿದ್ದರು, ಮೂವತ್ತೊಂದರ ಹರೆಯದಲ್ಲಿ. ಬಡವರಿಗೆ ವಿದ್ಯೆ ಮುಟ್ಟಿಸುವ ಬಗ್ಗೆ, ಪರರಿಗಾಗಿ ಬದುಕುವವರೇ ಬದುಕಿರುವವರು ಎಂದು ಸ್ವಾಮೀಜಿ ಶಿಕಾಗೊದಿಂದ ಅದೇ ವರ್ಷ ಬರೆದ ಪ್ರಸಿದ್ಧ ಕಾಗದ ಇದೇ ಮಹಾರಾಜರಿಗೆ. ಯಾರ ಬೆಂಬಲದ ಮೇಲೆ ಆ ಯೋಜನೆ ನಿಲ್ಲಬಹುದಿತ್ತೋ ಅವರೇ ಇರಲಿಲ್ಲ.

ಇನ್ನು ಸಮುದ್ರ ದಾಟಿದವರು ಜಾತಿ ಕೆಟ್ಟವರು ಎನ್ನುವ ಕಾಲ ಅದು. ಹಾರ ಹಾಕಿದ ಜನರ ನಡುವೆಯೇ ಮೂಗು ಮುರಿದವರೂ ಇದ್ದರು. ಫೆಬ್ರವರಿ 6ರಂದು ಮದ್ರಾಸಿಗೆ ಬಂದು ಒಂಬತ್ತು ದಿನ ಇದ್ದರು. ಅಲ್ಲಿ ಹಾರ ಹಾಕಿಸಿಕೊಂಡು ಹೋಗಲಿಲ್ಲ, ಮುಂದೇನು ಮಾಡುತ್ತೇನೆ ಎಂಬ ಕಾರ್ಯಯೋಜನೆಯನ್ನೇ ಭಾಷಣವಾಗಿ ಮಾಡಿದರು. ಇಲ್ಲಿಗೊಬ್ಬರನ್ನು ಕೊಡಿ ಎಂದು ಮದ್ರಾಸಿನವರು ಕೇಳಿದರು. ನಿಮ್ಮ ಮಡಿವಂತರಿಗಿಂತ ಮಡಿವಂತನನ್ನು ಕಳಿಸುತ್ತೇನೆ ಎಂದರು. ಮಾರ್ಚಿನಲ್ಲೇ ಗುರುಭಾಯಿ ರಾಮಕೃಷ್ಣಾನಂದರು ಬಂದರು.

ಕಷ್ಟ ಜಾಸ್ತಿ ಆದದ್ದು ಮನೆಯೊಳಗೆ. ಮೇ 1, 1897ರಂದು ಕಲ್ಕತ್ತಾದ ಬಾಗ್‌ಬಜಾರಿನಲ್ಲಿ, ಬಲರಾಮ ಬೋಸರ ಮನೆಯಲ್ಲಿ ಸಭೆ ಸೇರಿ ಸಂಘ ಕಟ್ಟುವ ತೀರ್ಮಾನ ಆಯಿತು. ರಾಮಕೃಷ್ಣ ಮಿಷನ್ ಹುಟ್ಟಿದ್ದು ಅಲ್ಲಿ. ಸಭೆ ಮುಗಿದ ಮೇಲೆ ಗುರುಭಾಯಿ ಯೋಗಾನಂದರು, ಇದೆಲ್ಲ ವಿದೇಶಿ ಪದ್ಧತಿ, ಪರಮಹಂಸರು ಹೀಗೆ ಹೇಳಿದ್ದರಾ ಎಂದು ನೇರವಾಗಿ ಕೇಳಿದರು. ಸಭೆ, ಅಧ್ಯಕ್ಷರು, ನಿಯಮ, ಲೆಕ್ಕ ಇವೆಲ್ಲ ಭಜನೆ, ಧ್ಯಾನಗಳಲ್ಲಿ ಬೆಳೆದವರಿಗೆ ಅಪರಿಚಿತ. ಹೊರಗಿನಿಂದ ಬಂದವರು ಏನನ್ನೋ ಹೊತ್ತು ತಂದಿದ್ದಾರೆ ಎಂಬ ಅನುಮಾನ ದುಬೈಯಿಂದ ಬಂದ ಮಗನ ಮೇಲೂ ಮನೆಯವರಿಗೆ ಇರುತ್ತದೆ. ಸ್ವಾಮೀಜಿ ವಾದ ಮಾಡಿದರು, ಸಿಟ್ಟು ಮಾಡಿದರು, ಅತ್ತರು ಕೂಡ. ಏಪ್ರಿಲ್ 27ರ ಕಾಗದ ಮನೆಯ ವೇಳಾಪಟ್ಟಿಯನ್ನು ಬದಲಿಸಬಹುದಿತ್ತು. ಮನಸ್ಸು ಬದಲಿಸಲು ಎದುರಿಗೆ ಕೂರಲೇಬೇಕಾಯಿತು.

ಯಾವುದು ನಿಂತಿತು, ಯಾವುದು ಬಿತ್ತು

ಈಗ ಚಾರ್ಜ್ ಪಟ್ಟಿ ತೆಗೆದು ನೋಡೋಣ. ಲಂಡನ್ ಬಿತ್ತು. ಅಭೇದಾನಂದರು 1897ರ ಆಗಸ್ಟಿನಲ್ಲಿ ನ್ಯೂಯಾರ್ಕಿಗೆ ಹೋದರು. ಲಂಡನ್ನಿನ ಕ್ಲಾಸುಗಳು ನಿಂತವು. ಬೀಳ್ಕೊಡುಗೆಯ ಅಧ್ಯಕ್ಷತೆ ವಹಿಸಿದ್ದ ಸ್ಟರ್ಡಿ 1899ರ ಹೊತ್ತಿಗೆ ಮುನಿಸಿಕೊಂಡು ದೂರವಾದರು. ಆಲ್ಪ್ಸ್‌ನಲ್ಲಿ ಜೊತೆಗಿದ್ದ, ಕಲ್ಕತ್ತಾ ಬಳಿಯ ಬೇಲೂರು ಮಠದ ಜಾಗಕ್ಕೆ ಹಣ ಕೊಟ್ಟ ಕುಮಾರಿ ಮುಲ್ಲರ್ ಅದಕ್ಕೂ ಮುಂಚೆಯೇ ಬಿಟ್ಟುಹೋದರು. ಎರಡನೆಯ ಸಲ ಪಶ್ಚಿಮಕ್ಕೆ ಹೋದಾಗ, 1899ರಲ್ಲಿ, ಸ್ವಾಮೀಜಿಗೆ ಲಂಡನ್ನಿನಲ್ಲಿ ಹಿಂದಿನ ಹುರುಪು ಕಾಣಲಿಲ್ಲ.

ಇಲ್ಲಿ ತಪ್ಪು ಯಾರದು? ಅಭೇದಾನಂದರದಲ್ಲ ಅನ್ನುವುದು ಖಂಡಿತ. ಅದೇ ಮನುಷ್ಯ ನ್ಯೂಯಾರ್ಕಿನಲ್ಲಿ ಬೇರೂರಿ 1921ರವರೆಗೆ ಅಮೆರಿಕದಲ್ಲಿ ಕೆಲಸ ಮಾಡಿದರು. ವ್ಯತ್ಯಾಸ ಇದ್ದದ್ದು ನೆಲದಲ್ಲಿ. ನ್ಯೂಯಾರ್ಕಿನಲ್ಲಿ ಸೊಸೈಟಿ ಇತ್ತು, ಸದಸ್ಯರಿದ್ದರು. ಲಂಡನ್ನಿನಲ್ಲಿ ಇದ್ದದ್ದು ಇಬ್ಬರು ಮೂವರು ಅನುಕೂಲಸ್ಥ ಮಿತ್ರರು. ಅವರಿಗೆ ಪ್ರೀತಿ ಇದ್ದಷ್ಟು ದಿನ ಬಾಡಿಗೆ ಕಟ್ಟಿದರು. ಸ್ವಾಮೀಜಿ ಲಂಡನ್ನಿಗೆ ಮನುಷ್ಯನನ್ನು ಕೊಟ್ಟರು, ಆ ಮನುಷ್ಯ ನಿಲ್ಲಲು ಚಾವಣಿ ಕೊಡಲಿಲ್ಲ. ಸಮಯ ಇರಲಿಲ್ಲ ಎಂಬುದೂ ನಿಜ. ಮೈಸೂರಿನ ಮಹಾರಾಜರ ವಿಷಯದಲ್ಲೂ ಇದೇ ಎಳೆ ಇದೆ. ಒಬ್ಬ ದಾನಿಯ ಮೇಲೆ ನಿಂತದ್ದು ಆ ದಾನಿಯ ಆಯುಸ್ಸಿನಷ್ಟೇ, ಇಲ್ಲವೇ ಅವರ ಮೂಡಿನಷ್ಟೇ ಬಾಳುತ್ತದೆ.

ಸೇವಿಯರ್ ದಂಪತಿಯ ಲೆಕ್ಕ ಬೇರೆ. ಅವರು ಹಣ ಕೊಟ್ಟು ಕೈ ತೊಳೆದುಕೊಂಡವರಲ್ಲ. ಅಲ್ಮೋರದ ಆಚೆ ಮಾಯಾವತಿಯಲ್ಲಿ 1899ರ ಮಾರ್ಚ್ 19ರಂದು ಅದ್ವೈತ ಆಶ್ರಮ ಶುರುವಾಯಿತು, ಇವರೂ ಅಲ್ಲೇ ನಿಂತರು. ಮರುವರ್ಷ ಅಕ್ಟೋಬರಿನಲ್ಲಿ ಕ್ಯಾಪ್ಟನ್ ಅಲ್ಲೇ ತೀರಿಕೊಂಡರು. ಗಂಡ ಹೋದ ಮೇಲೂ ಶ್ರೀಮತಿ ಸೇವಿಯರ್ ಬೆಟ್ಟ ಬಿಟ್ಟು ಇಳಿಯಲಿಲ್ಲ, ವರ್ಷಾನುಗಟ್ಟಲೆ ಉಳಿದರು. ಆ ಆಶ್ರಮ ಇವತ್ತೂ ಇದೆ. ಗುಡ್ವಿನ್ 1898ರ ಜೂನ್ 2ರಂದು ಊಟಿಯಲ್ಲಿ ತೀರಿಕೊಂಡರು. ಇನ್ನೂ ಚಿಕ್ಕ ವಯಸ್ಸು. ಅವರ ಪೆನ್ಸಿಲು ನಿಂತ ಮೇಲಿನ ಭಾಷಣಗಳು ಅಷ್ಟು ಪೂರ್ತಿಯಾಗಿ ಸಿಗದೆ ಹೋದಾಗಲೆಲ್ಲ ಓದುವವರಿಗೆ ಅವರ ನೆನಪು ಬರುತ್ತದೆ.

ಶಾರದಾನಂದರನ್ನು 1898ರ ಆರಂಭದಲ್ಲಿ ವಾಪಸು ಕರೆಸಿಕೊಂಡರು. ಅಮೆರಿಕದಲ್ಲಿ ಸಂಸ್ಥೆ ನಡೆಸುವುದನ್ನು ಕಂಡು 1898ರಲ್ಲಿ ಬಂದ ಅವರು ಮುಂದೆ ದಶಕಗಳ ಕಾಲ ಮಠ ಮತ್ತು ಮಿಷನ್ನಿನ ಕಾರ್ಯದರ್ಶಿಯಾಗಿದ್ದರು. ಹೋದವರೆಲ್ಲ ಕಲಿತು ಬಂದರು ಎಂಬುದು ಈ ಪಟ್ಟಿಯಲ್ಲಿ ಯಾರೂ ಬರೆಯದ ಜಮಾ.

ಸ್ವಾಮೀಜಿ 1902ರ ಜುಲೈ 4ರಂದು ಬೇಲೂರು ಮಠದಲ್ಲಿ ದೇಹ ಬಿಟ್ಟರು. ಲಂಡನ್ನಿನಿಂದ ಹೊರಟು ಆರು ವರ್ಷ ಕೂಡ ಆಗಿರಲಿಲ್ಲ.

ನಮ್ಮ ಊರಿನ ಒಂದು ತುಣುಕು ಹೇಳಿ ನಿಲ್ಲಿಸುತ್ತೇನೆ. ಮದ್ರಾಸಿಗೆ ಬಂದ ರಾಮಕೃಷ್ಣಾನಂದರು ಬೆಂಗಳೂರಿಗೂ ಓಡಾಡುತ್ತಿದ್ದರು. ಹಲಸೂರಿನ ಕಡೆ ಭಕ್ತರ ಗುಂಪು ಬೆಳೆಯಿತು. 1906ರಲ್ಲಿ ಬಸವನಗುಡಿಯಲ್ಲಿ ಆಶ್ರಮಕ್ಕೆ ಜಾಗ ಆಯಿತು. ಅದೇ ವರ್ಷ ಅಮೆರಿಕದಿಂದ ಭಾರತಕ್ಕೆ ಬಂದು ಪ್ರವಾಸದಲ್ಲಿದ್ದ ಒಬ್ಬ ಸನ್ಯಾಸಿಯನ್ನು ಕರೆದು ಆಗಸ್ಟಿನಲ್ಲಿ ಅಡಿಗಲ್ಲು ಹಾಕಿಸಿದರು. ಹತ್ತು ವರ್ಷ ಹಿಂದೆ ಬ್ಲೂಮ್ಸ್‌ಬರಿ ಸ್ಕ್ವೇರಿನಲ್ಲಿ ನನ್ನಿಂದಾಗದು ಎಂದು ಅಂಗಲಾಚಿದ್ದ ಅಭೇದಾನಂದರು ಅವರು. ಬುಲ್ ಟೆಂಪಲ್ ರಸ್ತೆಯಲ್ಲಿ ಬಸ್ಸು ಆ ಗೇಟಿನ ಮುಂದೆ ಹಾದು ಹೋಗುವಾಗ ನನಗೆ ಆ ಅಕ್ಟೋಬರ್ ಸಂಜೆ ನೆನಪಾಗುತ್ತದೆ, ಕೇಳುಗರ ನಡುವೆ ಸುಮ್ನೆ ಕೂತಿದ್ದವರ ಮುಖವೂ.